ಪಿಕಪ್‌ಗೆ ಸಿಬಿ ಆಂಟೆನಾ ಹಾಕಿಸೋರೇ, ಮೀಟರ್ ಇಲ್ಲದೆ ‘ಟ್ಯೂನ್’ ಮಾಡೋರ ಹತ್ರ ಹೋಗಬೇಡಿ

ದಾವಣಗೆರೆ, ಚಿತ್ರದುರ್ಗ ಕಡೆ ಪಿಕಪ್ ಇಟ್ಟುಕೊಂಡವರು, ಅದರಲ್ಲೂ ಮೊಬೈಲ್ ಹಿಡಿಯದ ಗುಡ್ಡದ ಸೈಟ್‌ಗಳಿಗೆ ಎರಡು ಮೂರು ಗಾಡಿ ಒಟ್ಟಿಗೆ ಓಡಿಸೋರು ದಯವಿಟ್ಟು ಓದಿ. ದಾವಣಗೆರೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಬಿ ರೇಡಿಯೊ (ಗಾಡಿಯಿಂದ ಗಾಡಿಗೆ ಮಾತಾಡೋ ವಾಕಿಟಾಕಿ ತರಹದ ಸೆಟ್) ಆಂಟೆನಾ "ಫಿಟ್ ಮಾಡಿ ಟ್ಯೂನೂ ಮಾಡಿ ಕೊಡ್ತೀವಿ" ಅಂದು ಆಂಟೆನಾ, ಬ್ರಾಕೆಟ್, ಕೇಬಲ್, ಕೂಲಿ ಎಲ್ಲ ಸೇರಿ 4,800 ರೂಪಾಯಿ ತಗೊಂಡರು. ಟ್ಯೂನಿಂಗ್ ಅಂದರೆ ಏನು ಮಾಡಿದರು ಗೊತ್ತಾ? ಕಟಿಂಗ್ ಪ್ಲೇಯರ್ ತಗೊಂಡು ನಾಲ್ಕಡಿ ಫೈಬರ್ ಆಂಟೆನಾದ ತುದಿ ಕಟ್ ಅನ್ನಿಸಿದರು. ಎಸ್‌ಡಬ್ಲ್ಯೂಆರ್ ಮೀಟರ್ (ಸೆಟ್ಟು ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರ್ತಿದೆ ಅಂತ ತೋರಿಸೋದು, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು) ಇಲ್ಲ, ಅಳತೆ ಇಲ್ಲ, ಏನೂ ಇಲ್ಲ. "ಎಲ್ಲಾ ಗಾಡಿಗೂ ಇಷ್ಟೇ ತೆಗಿಯೋದು ಸಾರ್."

ಆಮೇಲೆ ಅಂಗಡಿ ಮುಂದೆಯೇ ಟೆಸ್ಟ್. ಒಂದು ಸೆಟ್ ಗಾಡಿಯೊಳಗೆ, ಇನ್ನೊಂದು ಹುಡುಗನ ಕೈಯಲ್ಲಿ, ಮಧ್ಯೆ ಇಪ್ಪತ್ತಡಿ ಅಂತರ. "ಹಲೋ ಹಲೋ, ಕೇಳ್ತಾ ಐತಾ? ನೋಡಿ ಸಾರ್, ಕ್ಲಿಯರ್ ಐತೆ!" ಕೇಳದೆ ಇನ್ನೇನು? ಇಪ್ಪತ್ತಡಿಗೆ ಆಂಟೆನಾ ಶಾರ್ಟ್ ಆಗಿದ್ದರೂ ಕೇಳುತ್ತೆ. ಇದು ಟೆಸ್ಟ್ ಅಲ್ಲ ಸ್ವಾಮಿ, ಕಣ್ಕಟ್ಟು. ಸರಿಯಾಗಿ ಕೂರಿಸಿದ ಆಂಟೆನಾ ಇದ್ದರೆ ಬಯಲಲ್ಲಿ ಗಾಡಿಯಿಂದ ಗಾಡಿಗೆ ನಾಲ್ಕೈದು ಕಿಲೋಮೀಟರ್ ಮಾತಾಡಬಹುದು. ಇಲ್ಲಿ ಹೈವೇ ಹತ್ತಿ ಮುಂದಿನ ಗಾಡಿ ಒಂದು ಫರ್ಲಾಂಗ್ ದೂರ ಆಗುತ್ತಿದ್ದಂತೆ ಬರೀ ಸೊರಸೊರ ಸದ್ದು. ಹಿಂದಿನ ಗಾಡಿ ಡ್ರೈವರ್ ಫೋನ್ ಮಾಡಿ "ಅಣ್ಣಾ, ಇದಕ್ಕಿಂತ ಹಾರ್ನ್ ಹೊಡೆದ್ರೇ ವಾಸಿ" ಅಂದ. ಮಾನ ಹೋಯ್ತು.

ಮೀಟರ್ ತಂದು ನೋಡಿದರೆ ಚಾನೆಲ್ 1ರಲ್ಲೂ ಮುಳ್ಳು 3 ದಾಟಿದೆ, ಚಾನೆಲ್ 27ರಲ್ಲೂ 3 ದಾಟಿದೆ. ತಿಳಿದವರಿಗೆ ಇಷ್ಟು ಸಾಕು. ಕೆಳಗಿನ ಚಾನೆಲ್, ಮೇಲಿನ ಚಾನೆಲ್ ಎರಡರಲ್ಲೂ 3ರ ಮೇಲೆ ಅಂದರೆ ಮೊದಲು ನೋಡಬೇಕಾದ್ದು ಶಾರ್ಟ್ ಮತ್ತು ಅರ್ತಿಂಗ್, ಉದ್ದ ಅಲ್ಲ. ಹಾಗಿರುವಾಗ ತುದಿ ಎಷ್ಟು ಕತ್ತರಿಸಿದರೂ ಪ್ರಯೋಜನವಿಲ್ಲ, ಮೈಕ್ ಒತ್ತುತ್ತಾ ಹೋದರೆ ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತೆ.

ಆಂಟೆನಾ ಕಡ್ಡಿ ಬಿಚ್ಚಿ, ಕೇಬಲ್ಲನ್ನ ಸೆಟ್ಟಿನಿಂದ ತೆಗೆದು, ಪ್ಲಗ್ಗಿನ ನಡುಪಿನ್‌ಗೂ ಹೊರಗಿನ ಉಂಗುರಕ್ಕೂ ಮಲ್ಟಿಮೀಟರ್ ಹಿಡಿದರೆ ಬೀಪ್! ಬೀಪ್ ಬರಬಾರದು. ಕಡ್ಡಿ ಇಲ್ಲದಾಗ ಅಲ್ಲಿ ಪೂರ್ತಿ ಓಪನ್ ಇರಬೇಕು. ಬ್ರಾಕೆಟ್ ಬಿಚ್ಚಿ ನೋಡಿದರೆ ಸ್ಟಡ್ಡಿಗೂ (ಕಡ್ಡಿ ಕೂರೋ ಬೋಲ್ಟು) ಬ್ರಾಕೆಟ್ಟಿಗೂ ನಡುವೆ ಇರಬೇಕಾದ ನೈಲಾನ್ ವಾಷರನ್ನೇ ಹಾಕಿಲ್ಲ, ಅದರ ಜಾಗದಲ್ಲಿ ಕಬ್ಬಿಣದ ವಾಷರ್! ಅಂದರೆ ಸಿಗ್ನಲ್ ನೇರ ಗಾಡಿಯ ಬಾಡಿಯೊಳಕ್ಕೆ ಇಳಿದಿದೆ. ಎರಡು ರೂಪಾಯಿ ವಾಷರ್.

ಇಷ್ಟೇ ಅಲ್ಲ. ಬ್ರಾಕೆಟ್ ಕೂರಿಸಿದ್ದು ಲೋಡ್ ಬಾಡಿಯ ಗಾರ್ಡ್ ಪೈಪಿಗೆ, ಪೇಂಟ್ ಮೇಲೆಯೇ. ಲೋಡ್ ಬಾಡಿ ಚಾಸಿ ಮೇಲೆ ಕೂತಿರೋದು ಪ್ಯಾಕಿಂಗ್ ಇಟ್ಟು ಯು-ಬೋಲ್ಟಲ್ಲಿ, ನಡುವೆ ಪೇಂಟು, ತುಕ್ಕು, ಮಣ್ಣು. ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ ಗಾಡಿ ಅಲುಗಾಡಿದಾಗೆಲ್ಲ ರೀಡಿಂಗ್ ಕುಣಿಯುತ್ತೆ, ಅಂದರೆ ಅರ್ತಿಂಗ್ ಗಟ್ಟಿಯಿಲ್ಲ. ಕೇಬಲ್ ಅಂತೂ ಡಿಶ್ ಟಿವಿದು, 75 ಓಮ್! ಬೇಕಾದ್ದು 50 ಓಮ್, ಆರ್‌ಜಿ-58 ಅನ್ನೋ ಕೇಬಲ್. ಪ್ಲಗ್ಗಿನಲ್ಲಿ ಜಾಲರಿ ತಂತಿಗೆ ಬೆಸುಗೆ ಇಲ್ಲ, ತಿರುಚಿ ಟೇಪ್ ಸುತ್ತಿದ್ದಾರೆ.

ಫೋನ್ ಮಾಡಿದರೆ ಉತ್ತರ ಕೇಳಿ.

"ನಮ್ಮ ಮುಂದೆ ಚೆನ್ನಾಗೇ ಇತ್ತಲ್ಲ ಸಾರ್, ನೀವೇ ಕೇಳಿದ್ರಲ್ಲ."

ವಾಷರ್ ವಿಷಯ ಹೇಳಿದರೆ, "ಕಬ್ಬಿಣದ್ದು ಸ್ಟ್ರಾಂಗ್ ಸಾರ್, ಪ್ಲಾಸ್ಟಿಕ್ ಒಡೆದೋಗುತ್ತೆ."

ಕೇಬಲ್ ಬಗ್ಗೆ ಕೇಳಿದರೆ, "ಡಿಶ್ ಕೇಬಲ್ ಇದಕ್ಕಿಂತ ದಪ್ಪ ಐತೆ, ನಿಮಗೇ ಲಾಭ."

ಹಾಗಾದರೆ ಆಂಟೆನಾ ವಾಪಸ್ ತಗೊಳ್ಳಿ ಅಂದದ್ದಕ್ಕೆ, "ಕತ್ತರಿಸಿದ ಮಾಲು ಹೆಂಗೆ ತಗೊಳ್ಳೋಣ ಸಾರ್?" ಕತ್ತರಿಸಿದ್ದು ಯಾರಪ್ಪಾ! ಆಮೇಲೆ ಫೋನ್ ಎತ್ತಲಿಲ್ಲ.

ನೈಲಾನ್ ವಾಷರ್ ಹಾಕಿ, ಪೇಂಟ್ ಕೆರೆದು ಹಲ್ಲಿನ ವಾಷರ್ ಕೊಟ್ಟು, ಗಾರ್ಡಿನಿಂದ ಚಾಸಿಗೆ, ಕ್ಯಾಬಿನ್ನಿನಿಂದ ಚಾಸಿಗೆ ಚಪ್ಪಟೆ ತಾಮ್ರದ ಜಾಲರಿ ಪಟ್ಟಿ ಬಿಗಿದು, ಕೇಬಲ್ ಬದಲಿಸಿದ ಮೇಲೆ ಚಾನೆಲ್ 1ರಲ್ಲಿ 2.8, 27ರಲ್ಲಿ 2.3. ಈಗ ಶಾರ್ಟ್ ಇಲ್ಲ, ಈಗ ನಿಜವಾಗಿಯೂ ಉದ್ದದ ಸಮಸ್ಯೆ. ಚಾನೆಲ್ 1ರಲ್ಲಿ ಜಾಸ್ತಿ ತೋರಿಸಿದರೆ ಆಂಟೆನಾ ಗಿಡ್ಡ, 27ರಲ್ಲಿ ಜಾಸ್ತಿ ಬಂದರೆ ಉದ್ದ. ಉದ್ದ ಇದ್ದರೆ ಚೂರುಚೂರೇ ಕಡಿಮೆ ಮಾಡಬಹುದು. ಗಿಡ್ಡ ಮಾಡಿಟ್ಟದ್ದನ್ನ ಏನು ಮಾಡೋದು? ಬುಡಕ್ಕೆ ಸ್ಪ್ರಿಂಗ್ ಹಾಕಿದರೆ ಸ್ವಲ್ಪ ಉದ್ದ ಸಿಗುತ್ತೆ, ಇಲ್ಲದಿದ್ದರೆ ಹೊಸ ಕಡ್ಡಿ. ತುದಿಯಲ್ಲಿ ಟ್ಯೂನಿಂಗ್ ಸ್ಕ್ರೂ ಇರೋದನ್ನೇ ಕೇಳಿ ತಗೊಳ್ಳಿ, ಪ್ಲೇಯರ್‌ಗೆ ಕೆಲಸವೇ ಇರಲ್ಲ.

102 ಇಂಚಿನ ಸ್ಟೀಲ್ ಕಡ್ಡಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ ನಿಜ. ಆದರೆ ಪಿಕಪ್ ಗಾರ್ಡಿನ ಮೇಲೆ ಅದನ್ನ ನಿಲ್ಲಿಸಿಕೊಂಡು ಚನ್ನಗಿರಿ ಕಡೆ ತೋಟದ ದಾರಿಗೆ ಹೋದರೆ ಜೋತುಬಿದ್ದ ಕರೆಂಟ್ ತಂತಿಗೆ ತಗುಲುತ್ತೆ, ಪ್ರಾಣಕ್ಕೇ ಸಂಚಕಾರ. ನಾಲ್ಕಡಿ ಫೈಬರ್ ಸಾಕು, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಬಿನ್ ಚಾವಣಿಗಿಂತ ಮೇಲೆ ಇರಲಿ. ಮ್ಯಾಗ್ನೆಟ್ ಬುಡದ್ದು ಕಬ್ಬಿಣದ ಚಾವಣಿಗೆ ಪರವಾಗಿಲ್ಲ, ಫೈಬರ್ ಚಾವಣಿಗೆ ಅಂಟೋದೇ ಇಲ್ಲ.

ಕರೆಂಟನ್ನ ಸಿಗರೇಟ್ ಸಾಕೆಟ್ಟಿನಿಂದ ಎಳೆಸಬೇಡಿ, ಬ್ಯಾಟರಿಯಿಂದಲೇ ಫ್ಯೂಸ್ ಹಾಕಿ ತನ್ನಿ.

ಇನ್ನೊಂದು, 40 ಚಾನೆಲ್ ಸೆಟ್ ತೋರಿಸಿ "ಎಲ್ಲಾ ಓಪನ್ ಸಾರ್" ಅಂತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಟ್ಟಿರೋದು 26.957ರಿಂದ 27.283 ಮೆಗಾಹರ್ಟ್ಸ್, ಅದೂ 5 ವ್ಯಾಟ್‌ವರೆಗೆ. ಚಾನೆಲ್ 27 ಅಂದರೆ 27.275, ಅದು ಒಳಗೇ ಇದೆ. 28 ಅಂದರೆ 27.285, ಹೊರಗೆ. ಅದಕ್ಕೇ ಮೀಟರ್ ನೋಡಿದ್ದು 1 ಮತ್ತು 27ರಲ್ಲಿ. ದುಡ್ಡು ಕೊಡೋಕೆ ಮುಂಚೆ ಆ ಎರಡು ಚಾನೆಲ್ಲಿನ ರೀಡಿಂಗ್ ನಿಮ್ಮ ಕಣ್ಣೆದುರೇ ತೆಗೆಸಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎರಡೂ 2ರ ಒಳಗೆ ಇರಬೇಕು. "ಮೀಟರ್ ಯಾಕೆ ಸಾರ್, ಕೇಳ್ತಾ ಐತಲ್ಲ" ಅಂದರೆ ಗಾಡಿ ಸ್ಟಾರ್ಟ್ ಮಾಡಿ.