ಏಜೆನ್ಸಿ ಮ್ಯಾಲೆ ಐಸಿಯು ಡ್ಯೂಟಿಗೆ ಹೊಂಟ ಸಿಸ್ಟರ್, ಬ್ರದರ್ ಎಲ್ಲಾರೂ ಇದನ್ನ ಓದ್ರಿ

ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡೆ 3 ತಿಂಗಳ ಕಾಂಟ್ರ್ಯಾಕ್ಟಿಗೆ ಸ್ಟಾಫ್ ನರ್ಸ್ ಬೇಕು, ರೂಮ್ ಊಟ ಫ್ರೀ, ಪಗಾರ ಚೊಲೋ ಐತಿ ಅಂತ ವಾಟ್ಸಾಪಿನ್ಯಾಗ ಮೆಸೇಜ್ ಬರ್ತಾವಲ್ಲ, ಹೂಂ ಅನ್ನೂ ಮುಂಚೆ ಒಂದು ಮಾತು ಕೇಳ್ರಿ, ಆ ಐಸಿಯುದಾಗ ರಾತ್ರಿಗೆ ಎಷ್ಟು ಬೆಡ್, ಎಷ್ಟು ಮಂದಿ ನರ್ಸ್ ಅಂತ. ಪಗಾರದ ಮಾತು ಆಮ್ಯಾಲೆ.

ನಾನು ಜಮಖಂಡಿ ಕಡೆಯಾಕಿ, ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಆಗೈತಿ, ಐಸಿಯು ಕೆಲಸ ಗೊತ್ತೈತಿ. ಒಂದು ಏಜೆನ್ಸಿಯವ್ರು ವಿಜಯಪುರದ ಪ್ರೈವೇಟ್ ಆಸ್ಪತ್ರಿಗೆ ಕಳಿಸಿದ್ರು. ಹೋದ ದಿನ ರಾತ್ರಿನ ಐಸಿಯುಕ್ಕ ಹಾಕಿದ್ರು, ಕ್ರ್ಯಾಶ್ ಕಾರ್ಟ್ (ತುರ್ತಿಗೆ ಬೇಕಾಗೋ ಔಷಧ, ಸಾಮಾನಿನ ಗಾಡಿ) ಎಲ್ಲೈತಿ ಅಂತ ಸುದ್ದಾ ಯಾರೂ ತೋರ್ಸಿಲ್ಲ. ಐದು ಪೇಷಂಟು, ಅದ್ರಾಗ ಮೂವರು ವೆಂಟಿಲೇಟರ್ ಮ್ಯಾಲೆ, ನನ್ನ ಜೋಡಿ ಒಬ್ಬಾಕಿ ಸ್ಟೂಡೆಂಟ್. ಇನ್ನೊಬ್ರು ಸ್ಟಾಫ್ ಎಲ್ರಿ ಅಂದ್ರ ಇನ್ಚಾರ್ಜ್ "ಇವತ್ತೊಂದಿನ ನೋಡ್ಕೊಳ್ರಿ ಸಿಸ್ಟರ್, ನಾಳೆ ಬರ್ತಾರ" ಅಂದ್ರು, ಆ ನಾಳೆ ಬರ್ಲೇ ಇಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಾರ್ಮ್ಸ್ ಪ್ರಕಾರ ಐಸಿಯುದಾಗ ಒಂದು ಬೆಡ್ಡಿಗೆ ಶಿಫ್ಟಿಗೊಬ್ರು ಇರಬೇಕು.

ಒಬ್ಬಾಕಿ ಇದ್ರ ಏನಾಗ್ತದ ಅಂತ ಕೆಲಸ ಮಾಡಿದವ್ರಿಗೆ ಗೊತ್ತು, ಒಂದು ಬೆಡ್ಡಿನ್ಯಾಗ ಬಿಪಿ ಬೀಳದಂಗ ಹಿಡಿಯೋ ನಾರ್‌ಅಡ್ರಿನಲಿನ್ ಸಿರಿಂಜ್ ಮುಗಿಯಾಕ ಬಂದು ಪಂಪಿನ ಅಲಾರಂ ಹೊಡ್ಕೊಳ್ಳಾಕತ್ತಿರ್ತದ, ಅದ ಹೊತ್ತಿಗೆ ಆಚೆ ಬೆಡ್ಡಿನವ್ರಿಗೆ ಸಕ್ಷನ್ ಮಾಡಿ ಕಫ ತೆಗೀಲಿಲ್ಲಂದ್ರ ಸ್ಯಾಚುರೇಷನ್ (ರಕ್ತದಾಗಿನ ಆಕ್ಸಿಜನ್) ಬೀಳ್ತದ, ಯಾರ ಕಡೆ ಓಡ್ಬೇಕು ಹೇಳ್ರಿ. ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸೋದು ದೂರ ಉಳೀತು. ಒಬ್ರು ಅಜ್ಜಾರಿಗೆ ಬೆನ್ನಿನ ಕೆಳಗ ಬೆಡ್‌ಸೋರ್ (ಒಂದ ಮಗ್ಗಲಾ ಮಲಗಿ ಆಗೋ ಹುಣ್ಣು) ಆಗೇ ಬಿಟ್ತು, ಅವ್ರ ಮಗಳು "ನಮ್ಮಪ್ಪನ್ನ ಯಾರೂ ಹೊಳ್ಳಿಸೇ ಇಲ್ಲೇನ್ರಿ ಸಿಸ್ಟರ್" ಅಂತ ಅಳ್ಕೋತ ಕೇಳಿದ್ರು. ನಂಗ ಇವತ್ತಿಗೂ ಅದು ತಡ್ಕೊಳ್ಳಾಕ ಆಗಂಗಿಲ್ಲ.

ಆದ್ರ ಮುಖ್ಯ ಎಚ್ಚರಿಕೆ ಇದರ ಮುಂದಿಂದು. ಬೆಳಿಗ್ಗೆ ರೌಂಡ್ಸಿಗೆ ಮುಂಚೆ ಇನ್ಚಾರ್ಜ್ ಬಂದು ಚಾರ್ಟ್ ಪೂರ್ತಿ ಮಾಡ್ರಿ, ಎರಡು ತಾಸಿಗೊಮ್ಮೆ ಹೊಳ್ಳಿಸೀವಿ ಅಂತ ಬರ್ದು ಸಹಿ ಮಾಡ್ರಿ ಅಂದ್ರು. ನಾ ಮಾಡ್ಲಿಲ್ಲ. ಯಾರೂ ಮಾಡಬ್ಯಾಡ್ರಿ, ನಾಳೆ ಪೇಷಂಟ್ ಕಡೆಯವ್ರು ಕಂಪ್ಲೇಂಟ್ ಕೊಟ್ರ ಆ ಹಾಳಿ ಮ್ಯಾಲೆ ಇರೋದು ನಿಮ್ಮ ಹೆಸರು, ಸ್ಟೇಟ್ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ನಿಗೆ ಕುತ್ತು ಬರೋದೂ ನಿಮಗ. ಮಾಡಿದ್ದಷ್ಟ ಬರೀರಿ, ಸ್ಟಾಫ್ ಕಡಿಮಿ ಐತಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟಿಗೆ ಟೈಮ್ ಹಾಕಿ ಮೆಸೇಜ್ ಕಳಿಸಿಡ್ರಿ.

ಸಹಿ ಮಾಡ್ಲಿಲ್ಲ ಅಂದಮ್ಯಾಲೆ ಪಗಾರ ನಿಂತ್ತು. ಏಜೆನ್ಸಿ "ಆಸ್ಪತ್ರಿ ಬಿಲ್ ಪಾಸ್ ಆಗಿಲ್ಲ" ಅಂತು, ಆಸ್ಪತ್ರಿಯವ್ರು "ನಿಮ್ಮ ಏಜೆನ್ಸಿನ ಕೇಳ್ರಿ" ಅಂದ್ರು. ಇದು ಸುಳ್ಳ, ಗುತ್ತಿಗೆದಾರ ಕೊಡ್ಲಿಲ್ಲಂದ್ರ ಕೆಲಸ ಮಾಡಿಸ್ಕೊಂಡ ಮೂಲ ಮಾಲಿಕನ ಪಗಾರ ಕೊಡಬೇಕು ಅಂತ ಕಾನೂನು ಐತಿ. ಒರಿಜಿನಲ್ ಸರ್ಟಿಫಿಕೇಟ್ ವೆರಿಫಿಕೇಷನ್ ಅಂತ ಇಸ್ಕೊಂಡು ಇಟ್ಕೊಂಡಿದ್ರು, ಲೇಬರ್ ಆಫೀಸಿಗೆ ಬರ್ದು ಕೊಡ್ತೀನಿ ಅಂದಮ್ಯಾಲೆ ಹೊಳ್ಳಿ ಕೊಟ್ರು. ಝೆರಾಕ್ಸ್ ಕೊಡ್ರಿ, ಒರಿಜಿನಲ್ ತೋರ್ಸಿ ಅಲ್ಲೇ ವಾಪಸ್ ಇಸ್ಕೊಳ್ರಿ.

ಮಂದಿ ಸಿಗವಲ್ರು ಅಂತ ಆಸ್ಪತ್ರಿಯವ್ರು ಹೇಳ್ತಾರ, ಖರೇನ, ಕಲ್ತ ಹುಡುಗ್ಯಾರು ಬೆಂಗಳೂರಿಗೆ, ಗಲ್ಫಿಗೆ ಹೊಂಟಾರ. ಯಾಕ ಹೋಗಬಾರ್ದು? 2016ರಾಗ ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲೆ ಮಾಡಿದ ಸಮಿತಿ, 50 ಬೆಡ್ಡಿಗಿಂತ ಸಣ್ಣ ಆಸ್ಪತ್ರಿಯಾಗೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮಿ ಕೊಡಬಾರ್ದು, 200 ಬೆಡ್ ಮ್ಯಾಲೆ ಇದ್ರ ಸರ್ಕಾರಿ ನರ್ಸಿನಷ್ಟ ಕೊಡಬೇಕು ಅಂತ ಶಿಫಾರಸು ಮಾಡೈತಿ. ಅದಕ್ಕಿಂತ ಕಡಿಮಿಗೆ ದುಡಿಯೋ ಜಿಎನ್ಎಂ ಹುಡುಗ್ಯಾರು ನಮ್ಮ ಕಡೆ ಇನ್ನೂ ಅದಾರ.

ನಂದು ಕಡೀ ತಿಂಗಳ ಪಗಾರ ಇನ್ನೂ ಬಂದಿಲ್ಲ, ಲೇಬರ್ ಆಫೀಸಿನ್ಯಾಗ ಅರ್ಜಿ ಕೊಟ್ಟೀನಿ. ಅದಕ್ಕ ಡ್ಯೂಟಿ ರೋಸ್ಟರ್ ಫೋಟೋ, ಏಜೆನ್ಸಿ ಮೆಸೇಜ್, ಬ್ಯಾಂಕ್ ಪಾಸ್‌ಬುಕ್ ಹಚ್ಚೀನಿ, ನೀವೂ ಮೊದಲ ದಿನದಿಂದ ಇವನ್ನ ತೆಗೆದಿಟ್ಕೊಳ್ರಿ.