ಐದು ಮಳೆಗಾಲ ಕಂಡ ಪಿಕಪ್ಪು: ಹಿಂದಿನ ಡ್ರಮ್ ಬ್ರೇಕೊಂದು ಬಿಟ್ಟರೆ ಉಳಿದಿದ್ದೆಲ್ಲ ಸರಿ

ಎಂಜಿನ್ ಎಷ್ಟು ಸಿಸಿ, ಎಷ್ಟು ಭಾರ ಹೊರುತ್ತದೆ ಎಂಬುದೆಲ್ಲ ಶೋರೂಮಿನ ಹಾಳೆಯಲ್ಲೇ ಇದೆ. ಕಾರವಾರದ ಬೈತಖೋಲ ಬಂದರಿನಿಂದ ಬಂಗಡೆ-ತಾರ್ಲೆ, ಸಾಣಿಕಟ್ಟಾದಿಂದ ಉಪ್ಪಿನ ಚೀಲ, ಶಿರಸಿ ಕಡೆಯಿಂದ ಬರುವಾಗ ಅಡಿಕೆ. ಐದು ಮಳೆಗಾಲ ಹೀಗೆ ದುಡಿದ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಪಟ್ಟಿ ಸ್ಪ್ರಿಂಗುಗಳ ಬಗ್ಗೆ ದೂರಿಲ್ಲ. ದೂರೆಲ್ಲ ಹಿಂದಿನ ಎರಡು ಡ್ರಮ್ಮುಗಳ ಮೇಲೆ. ಪ್ರತಿ ಆಗಸ್ಟಿನಲ್ಲಿ ಅವು ಹಿಡಿದುಕೊಂಡೇ ಕೂತಿರುತ್ತವೆ.

ಆಗಸ್ಟೇ ಯಾಕೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳ ಜೊತೆ ಮೀನಿನ ಗಾಡಿಗಳೂ ನಿಲ್ಲುತ್ತವೆ. ಮೇ ಕೊನೆಯವರೆಗೆ ಐಸು ಕರಗಿದ ಉಪ್ಪು ನೀರು ಬಾಡಿಯ ಸಂದಿಯಿಂದ ನೇರ ಹಿಂದಿನ ಆಕ್ಸಲಿನ ಮೇಲೆ ಸುರಿದಿರುತ್ತದೆ. ಅದನ್ನು ತೊಳೆಯದೆ, ಹ್ಯಾಂಡ್‌ಬ್ರೇಕ್ ಎಳೆದು, ತಗಡಿನ ಮಾಡಿನ ಕೆಳಗೆ ಎರಡು ತಿಂಗಳು ನಿಲ್ಲಿಸಿದರೆ ಶೂ (ಬ್ರೇಕ್ ಒತ್ತಿದಾಗ ಡ್ರಮ್ಮಿನ ಒಳಮೈಗೆ ಒತ್ತುವ ಕಮಾನು) ಮತ್ತು ಡ್ರಮ್ಮಿನ ನಡುವೆ ತುಕ್ಕು ಅಂಟಿನಂತೆ ಕೂರುತ್ತದೆ. ಮುಂದಿನ ಡಿಸ್ಕಿಗೆ ಈ ಕಾಟ ಕಡಿಮೆ, ಎರಡು ಸಲ ಬ್ರೇಕ್ ಒತ್ತಿದರೆ ಮೇಲಿನ ತುಕ್ಕು ಒರೆಸಿಹೋಗುತ್ತದೆ. ಡ್ರಮ್ಮು ಮುಚ್ಚಿದ ಡಬ್ಬಿ. ಒಳಗೆ ಹೋದ ನೀರೂ ಕೆಂಪು ಮಣ್ಣೂ ಅಲ್ಲೇ ಉಳಿಯುತ್ತವೆ. ಸಾಲದ್ದಕ್ಕೆ, ಖಾಲಿ ಗಾಡಿ ಓಡುವಾಗ ಲೋಡ್ ನೋಡಿ ಒತ್ತಡ ಹಂಚುವ ವಾಲ್ವು ಹಿಂದಿನ ಬ್ರೇಕಿಗೆ ಬಲ ಕಡಿಮೆ ಕೊಡುತ್ತದೆ. ಹೋಗುವಾಗ ಲೋಡು, ಬರುವಾಗ ಖಾಲಿ ಅನ್ನುವ ಬಾಡಿಗೆಗಳಲ್ಲಿ ಹಿಂದಿನ ಲೈನರಿಗೆ (ಶೂವಿನ ಮೇಲಿನ ಉಜ್ಜುವ ಪದರ) ಅರ್ಧ ದಾರಿ ಹೆಚ್ಚು ಕೆಲಸವಿರುವುದಿಲ್ಲ, ಹಾಗಾಗಿ ತುಕ್ಕೂ ಸರಿಯಾಗಿ ಒರೆಸಿಕೊಳ್ಳುವುದಿಲ್ಲ.

ಗಾಡಿ ಕದಲದಿದ್ದರೆ ಮೊದಲ ಗೇರಿನಲ್ಲಿ ಒಮ್ಮೆ, ರಿವರ್ಸಿನಲ್ಲಿ ಒಮ್ಮೆ ಮೆತ್ತಗೆ ತೂಗಿ ನೋಡಬಹುದು. ಮುಂದೆ ತಿರುಗುವಾಗ ಹೆಚ್ಚು ಕಚ್ಚುವ ಶೂ ಹಿಂದಕ್ಕೆ ತಿರುಗಿದಾಗ ಸಡಿಲಾಗುವುದರಿಂದ ಹಲವು ಸಲ ರಿವರ್ಸಿನಲ್ಲೇ 'ಟಕ್' ಎಂದು ಬಿಟ್ಟುಕೊಳ್ಳುತ್ತದೆ. ನಾಲ್ಕೈದು ಸಲಕ್ಕೆ ಆಗಲಿಲ್ಲವೋ, ಅಲ್ಲಿಗೇ ನಿಲ್ಲಿಸಬೇಕು. ಕ್ಲಚ್ ಸುಡುವುದು ಒಂದು ನಷ್ಟ. ಅದಕ್ಕಿಂತ ಕೆಟ್ಟದ್ದು ಅಂಟಿಸಿದ ಲೈನರು ಕಬ್ಬಿಣದ ಶೂವಿನಿಂದಲೇ ಕಿತ್ತು ಬರುವುದು. ಆ ತುಂಡು ಒಳಗೆ ಸಿಕ್ಕಿಕೊಂಡರೆ ಓಡುವಾಗ ಚಕ್ರ ಮತ್ತೆ ಕಚ್ಚುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಅದು ಆಗಬಾರದು.

ಡ್ರಮ್ಮಿಗೆ ಸುತ್ತಿಗೆ ಎತ್ತುವ ಮುಂಚೆ ಹಿಡಿದಿರುವುದು ಯಾವುದು ಅಂತ ತಿಳಿಯಬೇಕು. ಸಪಾಟು ನೆಲ, ಮುಂದಿನ ಚಕ್ರಗಳ ಎರಡೂ ಕಡೆ ಮರದ ಅಡೆ, ಆಕ್ಸಲ್ ಕೆಳಗೆ ಸ್ಟ್ಯಾಂಡ್. ಬರೇ ಜಾಕಿಯ ನಂಬಿಕೆ ಬೇಡ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಕೆಳಗೆ. ಮೊದಲು ಗಾಡಿಯಡಿಯ ಹ್ಯಾಂಡ್‌ಬ್ರೇಕ್ ಕೇಬಲಿನ ನಟ್ ಪೂರ್ತಿ ಸಡಿಲಿಸಿ. ಚಕ್ರ ತಿರುಗಿತಾ? ದೋಷ ಕೇಬಲಿನದು. ತಿರುಗದಿದ್ದರೆ ಆ ಚಕ್ರದ ಬ್ರೇಕ್ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ತುಸು ಬಿಚ್ಚಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಲೈನಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಒಳಗೊಳಗೇ ಊದಿಕೊಂಡ ರಬ್ಬರ್ ಹೋಸನ್ನೋ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರನ್ನೋ ನೋಡಬೇಕು, ಡ್ರಮ್ ಬಿಚ್ಚಿ ಪ್ರಯೋಜನವಿಲ್ಲ. ಎರಡಕ್ಕೂ ಜಗ್ಗದಿದ್ದರೆ ಮಾತ್ರ ಶೂ ಅಂಟಿರಬೇಕು ಅಥವಾ ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದಿರಬೇಕು. ಹತ್ತು ನಿಮಿಷದ ಈ ಪರೀಕ್ಷೆ ಬಿಟ್ಟು ನೇರ ಶೂ ಬದಲಿಸುವ ಗ್ಯಾರೇಜುಗಳಿಂದಲೇ ಗಾಡಿ ತಿಂಗಳೊಳಗೆ ವಾಪಸ್ ಬರುವುದು.

ಡ್ರಮ್ ತೆಗೆಯುವ ಕೆಲಸಕ್ಕೆ ಬೇಕಾದ್ದು ಬಲ ಅಲ್ಲ, ತಾಳ್ಮೆ. ಡ್ರಮ್ಮು ಹಬ್ಬಿನ (ಚಕ್ರ ಕೂರುವ ನಡುಭಾಗ) ಮೇಲೆ ಬರಿದೇ ಕೂತಿರುವ ಗಾಡಿಗಳ ಮಾತು ಇದು. ಹಬ್ಬಿನ ನಡುವಿನ ಅಂಚಿಗೂ ಬೋಲ್ಟುಗಳ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಡ್ರಮ್ಮಿನ ಹಿಂಬದಿಯ ತಟ್ಟೆಯ ರಬ್ಬರ್ ಮುಚ್ಚಳ ತೆಗೆದು, ಸಣ್ಣ ಸ್ಕ್ರೂಡ್ರೈವರಿನಿಂದ ಹಲ್ಲಿನ ಚಕ್ರಕ್ಕೆ ಅಡ್ಡ ನಿಂತ ನಾಲಿಗೆಯನ್ನು ಅತ್ತ ತಳ್ಳಿ ಹಿಡಿದು, ಇನ್ನೊಂದರಿಂದ ಅಡ್ಜಸ್ಟರನ್ನು (ಶೂ-ಡ್ರಮ್ಮಿನ ಅಂತರ ಹೊಂದಿಸುವ ಆ ಹಲ್ಲಿನ ತಿರುಪು) ಹಿಂದಕ್ಕೆ ತಿರುಗಿಸಬೇಕು. ನಾಲಿಗೆ ಸರಿಸದೆ ತಿರುಗಿಸಿದರೆ ಹಲ್ಲು ಸವೆಯುತ್ತದೆ. ಡ್ರಮ್ಮಿನ ಒಳ ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಶೂವಿಗೆ ಅಡ್ಡ ಬರುತ್ತದೆ. ಶೂ ಒಳಗೆ ಸರಿಯದೆ ಡ್ರಮ್ ಹೊರಬರುವುದಿಲ್ಲ.

ಆಮೇಲೆ ಡ್ರಮ್ಮಿನ ಮುಖದಲ್ಲಿರುವ ತಿರುಪಿನ ಎಳೆಯಿರುವ ಎರಡು ತೂತುಗಳು. ಹೆಚ್ಚಿನ ಡ್ರಮ್ಮುಗಳಿಗೆ 8 ಮಿ.ಮೀ. ಬೋಲ್ಟು ಹಿಡಿಯುತ್ತದೆ. ಮಣ್ಣು ಕೆರೆದು, ಎಣ್ಣೆ ಬಿಟ್ಟು, ಎರಡನ್ನೂ ಸಮವಾಗಿ ಕಾಲು ಕಾಲು ಸುತ್ತು ಬಿಗಿಯುತ್ತ ಹೋಗಿ. ನಡುನಡುವೆ ಚಕ್ರದ ಬೋಲ್ಟುಗಳ ಮಧ್ಯದ ಸಪಾಟು ಜಾಗಕ್ಕೆ ಸುತ್ತಿಗೆಯ ಪೆಟ್ಟು. ಅಂಚಿಗೆ ಹೊಡೆಯಬಾರದು, ಎರಕದ ಕಬ್ಬಿಣ ಸೀಳುತ್ತದೆ. ಒಂದೇ ಬೋಲ್ಟನ್ನು ಬಿಗಿದರೂ ಡ್ರಮ್ಮು ಓರೆಯಾಗಿ ಮತ್ತೆ ಕಚ್ಚಿಕೊಳ್ಳುತ್ತದೆ. ಗ್ಯಾಸಿನ ಬೆಂಕಿ ಹಿಡಿಯುವವರಿದ್ದಾರೆ. ಪಕ್ಕದಲ್ಲೇ ಆಕ್ಸಲಿನ ಎಣ್ಣೆ ಸೀಲು, ಸಿಲಿಂಡರಿನ ರಬ್ಬರು ಇರುವಾಗ ಅದು ಬೇಡವೇ ಬೇಡ. ಏನು ಮಾಡಿದರೂ ಬಾರದಿದ್ದರೆ ಹಿಂಬದಿಯ ತಟ್ಟೆಯಲ್ಲಿ ಕಾಣುವ ಶೂ ಪಿನ್ನುಗಳ ತಲೆ ಕತ್ತರಿಸಿ, ಶೂ ಸಮೇತ ಡ್ರಮ್ ಎಳೆಯುವುದೇ ಕೊನೆಯ ದಾರಿ. ಪಿನ್ನು, ಸ್ಪ್ರಿಂಗು ಅಗ್ಗದ ಸಾಮಾನು.

ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ನೀರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಒಮ್ಮೆಗೆ ಒಂದೇ ಬದಿ ಬಿಚ್ಚಿದರೆ ಇನ್ನೊಂದು ಬದಿ ನೋಡಿಕೊಂಡು ಜೋಡಿಸಬಹುದು, ಆದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಇರುತ್ತದೆ. ಅಡ್ಜಸ್ಟರಿನ ಎಳೆಗಳು ಎಡಕ್ಕೊಂದು ಬಲಕ್ಕೊಂದು ದಿಕ್ಕಿನವು, ಬೆರೆಸಿದರೆ ಬ್ರೇಕು ತಾನೇ ಸಡಿಲಾಗುತ್ತ ಹೋಗುತ್ತದೆ.

ಎಲ್ಲರೂ ಬಿಡುವ ಜಾಗ ಒಂದಿದೆ. ಶೂವಿನ ಅಂಚು ಒರಗಿ ಜಾರುವ ಉಬ್ಬುಗಳು ಹಿಂಬದಿಯ ತಟ್ಟೆಯಲ್ಲಿವೆ. ಅಲ್ಲಿ ಗೀರು ಬಿದ್ದು ಹಳ್ಳವಾಗಿದ್ದರೆ ಶೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ ಶೂ ಹಾಕಿದರೂ ಬ್ರೇಕು ಹಿಡಿಯುವುದಕ್ಕೆ ಬಹಳ ಸಲ ಇದೇ ಕಾರಣ. ಅರದಿಂದ ಸಮ ಮಾಡಿ, ಬಿಸಿ ತಡೆಯುವ ತಾಮ್ರದ ಗ್ರೀಸನ್ನು ಕಡಲೆ ಕಾಳಿನಷ್ಟು, ಅಷ್ಟೇ. ಸಿಲಿಂಡರಿನ ರಬ್ಬರಿಗೆ ಮಾತ್ರ ಕೆಂಪು ರಬ್ಬರ್ ಗ್ರೀಸು. ಮಾಮೂಲಿ ಗ್ರೀಸು ಆ ರಬ್ಬರನ್ನು ಊದಿಸುತ್ತದೆ. ಸಿಲಿಂಡರಿನ ತುದಿಯ ರಬ್ಬರ್ ಬೂಟು ಎತ್ತಿದಾಗ ಒದ್ದೆ ಕಂಡರೆ ಸಿಲಿಂಡರು ಬದಲಿಸಿ, ಉಪ್ಪುಕಾಗದದಿಂದ ಉಜ್ಜಿ ಉಳಿಸುವ ಜಿಪುಣತನ ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಆಯಿಲ್ ಕುಡಿದ ಲೈನರೂ ಅಷ್ಟೆ, ತೊಳೆದರೆ ಸರಿಯಾಗುವುದಿಲ್ಲ. ಎರಡೂ ಬದಿಯ ಶೂ ಒಟ್ಟಿಗೇ ಬದಲಾಗಬೇಕು, ಇಲ್ಲವೆಂದರೆ ಒದ್ದೆ ರಸ್ತೆಯಲ್ಲಿ ಗಾಡಿ ಒಂದು ಕಡೆ ಎಳೆಯುತ್ತದೆ. ಡ್ರಮ್ಮಿನ ಒಳಮೈ ಕಡೆಯಲು ಲೇತಿಗೆ ಕೊಡುವ ಮೊದಲು ಡ್ರಮ್ಮಿನ ಮೇಲೆಯೇ ಅಚ್ಚಾದ ಗರಿಷ್ಠ ವ್ಯಾಸ ಓದಿಕೊಳ್ಳಿ.

ಜೋಡಿಸುವಾಗ ಕ್ರಮ ಮುಖ್ಯ. ಮೊದಲು ಅಡ್ಜಸ್ಟರು: ಡ್ರಮ್ಮು ತುಸು ಉಜ್ಜಿಕೊಂಡು ಕೂರುವಷ್ಟು. ಆಮೇಲೆ ಪೆಡಲ್ ಹತ್ತಾರು ಸಲ ಒತ್ತಿ ಶೂಗಳನ್ನು ನಡುವಿಗೆ ತರಬೇಕು. ಹ್ಯಾಂಡ್‌ಬ್ರೇಕ್ ಕೇಬಲು ಕೊನೆಗೆ. ಲೈನರಿನ ಸಡಿಲವನ್ನು ಕೇಬಲ್ ಎಳೆದು ಮುಚ್ಚುವವರಿಂದ ಡ್ರಮ್ಮಿನೊಳಗಿನ ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಹಿಂದಕ್ಕೆ ಬಾರದೆ, ತಾನೇ ಸರಿಹೊಂದುವ ವ್ಯವಸ್ಥೆಯೂ ನಿಂತುಹೋಗುತ್ತದೆ. ಬ್ರೇಕ್ ಲೈನಿನ ಏರ್ ತೆಗೆಯುವಾಗ ಆಕ್ಸಲ್ ನೇತಾಡುತ್ತಿರಬಾರದು. ನೇತಾಡಿದರೆ ಆ ಲೋಡ್ ವಾಲ್ವು ಗಾಡಿ ಖಾಲಿ ಎಂದುಕೊಂಡು ಹಿಂದಿನ ಲೈನನ್ನು ಕಟ್ಟಿಹಾಕುತ್ತದೆ. ಅಂದಹಾಗೆ ಆ ವಾಲ್ವಿನ ಸರಳೂ ತುಕ್ಕು ಹಿಡಿಯುವಂಥದೇ, ಕೈಯಿಂದ ಅಲ್ಲಾಡಿಸಿ ನೋಡಿ.

ಇಷ್ಟು ಬೈದ ಮೇಲೂ ಒಂದು ಒಪ್ಪಬೇಕು. ಎರಡೂ ಬದಿಯ ಶೂ, ಸಿಲಿಂಡರು, ಸ್ಪ್ರಿಂಗು ಸೇರಿಸಿದರೂ ಒಂದು ಟ್ಯಾಂಕ್ ಡೀಸೆಲ್ಲಿನ ದುಡ್ಡಿನೊಳಗೆ ಮುಗಿಯುತ್ತದೆ. ಸಾಮಾನು ಕುಮಟೆಯಲ್ಲೂ ಸಿಗುತ್ತದೆ, ಶಿರಸಿಯಲ್ಲೂ ಸಿಗುತ್ತದೆ. ಕಂಪ್ಯೂಟರ್ ಹಚ್ಚಬೇಕಿಲ್ಲ. ಸರಿಯಾಗಿ ಕೂತ ಡ್ರಮ್ಮಿನ ಹಿಡಿತವೋ, ಅರಬೈಲ್ ಘಟ್ಟದಲ್ಲಿ ಪೂರ್ತಿ ಲೋಡು ಹೊತ್ತು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಒಂದೇ ಗಾಡಿಯನ್ನು ಕದಲದಂತೆ ಹಿಡಿಯುತ್ತದೆ. ಇದು ಕೆಟ್ಟ ಬ್ರೇಕಲ್ಲ, ಸಮುದ್ರದ ಪಕ್ಕ ಕೂರಿಸಿದ ಬ್ರೇಕು.

ಅದಕ್ಕೆ ಬೇಕಾದ ಆರೈಕೆಯೂ ಸಣ್ಣದು. ಮೀನು ಇಳಿಸಿದ ಕೂಡಲೇ ಬಾವಿಯ ಸಿಹಿನೀರು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಂದಿನ ತಟ್ಟೆ, ಕೇಬಲಿನ ತುದಿ, ಪಟ್ಟಿ ಸ್ಪ್ರಿಂಗಿನ ಸಂದಿಗಳಿಗೆ ಐದು ನಿಮಿಷ. ತೊಳೆದ ಗಾಡಿಯನ್ನು ಹಾಗೇ ನಿಲ್ಲಿಸದೆ ಒಂದೆರಡು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಮೆತ್ತಗೆ ಒತ್ತುತ್ತ ಒಳಗಿನ ಒದ್ದೆ ಆರಿಸುವುದು. ಸಪಾಟು ಜಾಗದಲ್ಲಿ ರಾತ್ರಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಹಲಸಿನ ಮರದ ಅಡೆ, ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ನಿಷೇಧದ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಗಾಡಿ ಹಿಂದೆ ಮುಂದೆ ಹೋಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಸಿಲಿಂಡರು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಕೊಳ್ಳುವವರಿಗೆ: ಘಟ್ಟದ ಮೇಲೆ ಅಡಿಕೆ, ಗೊಬ್ಬರ ಹೊರುವುದಾದರೆ ಕಣ್ಣುಮುಚ್ಚಿ ತಗೊಳ್ಳಿ. ಮೀನಿಗಾದರೆ ಬಾಡಿಯ ತಳಕ್ಕೆ ಸೋರದ ತಟ್ಟೆ ಹಾಕಿಸಿ, ಕರಗಿದ ನೀರಿನ ಪೈಪನ್ನು ಆಕ್ಸಲ್ ದಾಟಿ ಹಿಂದಕ್ಕೆ ಬಿಡಿಸಿ, ಆಮೇಲೆ ಮೊದಲ ಲೋಡು ತುಂಬಿ. ಡ್ರಮ್ ಬಿಚ್ಚಿ ನೋಡುವ ಕೆಲಸ ಜುಲೈ ಮಧ್ಯದಲ್ಲೇ ಮುಗಿಯಲಿ, ಕೊನೆಯ ವಾರಕ್ಕೆ ಬಂದರಿನ ಹತ್ತಿರದ ಗ್ಯಾರೇಜುಗಳಲ್ಲಿ ಇದೇ ಕೆಲಸಕ್ಕೆ ಗಾಡಿಗಳ ಸಾಲು ನಿಂತಿರುತ್ತದೆ.