ಗಾಲಿಯೋ ಬೆಲ್ಟೋ? ವೈಫೈಯೋ ಕೇಬಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ಕುಸಿದ ಕಟ್ಟಡದಲ್ಲಿ ಜನರನ್ನು ಹುಡುಕುವ ರೋಬೋಟ್‌ಗಳಲ್ಲಿ ನಮ್ಮಲ್ಲಿ ಗೆದ್ದಿದ್ದು ಬೆಲ್ಟಿನದ್ದು, ಅಂದರೆ ಯುದ್ಧದ ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವುದು. ಅದೂ ಕೇಬಲ್ ಕಟ್ಟಿದ ಮೇಲೆ.

ಕಾಲೇಜಿನ ಹಿಂದೆ ಹಳೇ ಹಾಸ್ಟೆಲ್ ಕೆಡವಿದ ರಾಶಿ ಬಿದ್ದಿತ್ತು. ಲಾರಿಯವರು ಸಾಗಿಸುವ ಮೊದಲು ನಮ್ಮ ಎರಡು ರೋಬೋಟ್‌ಗಳನ್ನು ಅದರ ಮೇಲೆ ಬಿಟ್ಟೆವು. ಕುಸಿದ ಕಟ್ಟಡದ ಸಂದಿಗೆ ನುಗ್ಗಿ, ಒಳಗೆ ಯಾರಾದರೂ ಇದ್ದಾರಾ ಅಂತ ನೋಡುವುದು ಇವುಗಳ ಕೆಲಸ.

ಆರು ಗಾಲಿಯದ್ದು ಎಲ್ಲರ ಮುದ್ದಿನದು. ಹಗುರ, ಕಾರಿಡಾರಿನಲ್ಲಿ ಸುಯ್ಯನೆ ಓಡುತ್ತಿತ್ತು. ರಾಶಿಯ ಮೇಲೆ ಎರಡು ಮಾರು ಹೋಗುವಷ್ಟರಲ್ಲಿ ಹೊಟ್ಟೆ ಇಟ್ಟಿಗೆಗೆ ಕೂತು, ಗಾಲಿಗಳು ಸುಮ್ನೆ ಗಾಳಿಯಲ್ಲಿ ತಿರುಗತೊಡಗಿದವು. ಮೂರು ಸಲವೂ ಅದೇ ಕಥೆ.

ಬೆಲ್ಟಿನದ್ದಕ್ಕೆ ಮುಂದೆ ಎರಡು ಫ್ಲಿಪ್ಪರ್, ಅಂದರೆ ಎತ್ತಿ ಇಳಿಸುವ ಬೆಲ್ಟಿನ ಕೈಗಳು. ಸ್ಲ್ಯಾಬ್ ಅಡ್ಡ ಬಂದರೆ ಕೈ ಊರಿ ಮೂತಿ ಎತ್ತುತ್ತದೆ, ಆಮೇಲೆ ಮೈ ಎಳೆದುಕೊಳ್ಳುತ್ತದೆ. ತೂಕ ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಆದರೆ ಅದನ್ನು ಸೋಲಿಸಿದ್ದು ಕಲ್ಲಲ್ಲ, ಕಂಬಿ ಕಟ್ಟುವ ಬೈಂಡಿಂಗ್ ವೈರ್! ಗೇಣುದ್ದದ ತಂತಿ ಒಳಗಿನ ಚಕ್ರಕ್ಕೆ ಸುತ್ತಿಕೊಂಡು ಬೆಲ್ಟೇ ಕಳಚಿ ಬಂತು. ಇಕ್ಕಳ ಹಿಡಿದು ಬಿಡಿಸಲು ಅರ್ಧ ಗಂಟೆ. ಮಾರನೇ ದಿನ ಪಕ್ಕಕ್ಕೆ ತಗಡು ಹೊಡೆದೆವು.

ವೈಫೈ ಹೊರಗೆ ಚೆನ್ನಾಗಿತ್ತು. ಸ್ಲ್ಯಾಬಿನ ಕೆಳಗೆ ಹೋದ ಕೂಡಲೇ ವಿಡಿಯೋ ಚೌಕ ಚೌಕವಾಗಿ ಒಡೆದು ನಿಂತೇಹೋಯಿತು. ಕಾಂಕ್ರೀಟು, ಅದರೊಳಗೆ ಕಂಬಿಯ ಜಾಲ, ಸಿಗ್ನಲ್ ಹೇಗೆ ಬರಬೇಕು ಅಲ್ವಾ? ಕೇಬಲ್‌ನಲ್ಲಿ ಚಿತ್ರ ಸ್ಪಷ್ಟ. ಆದರೆ ಎರಡು ತಿರುವು ದಾಟಿದರೆ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಫುಕುಶಿಮಾ ಅಣುಸ್ಥಾವರದಲ್ಲಿ 2011ರ ಅಕ್ಟೋಬರ್‌ನಲ್ಲಿ ಜಪಾನಿನ ಕ್ವಿನ್ಸ್ ಅನ್ನುವ ರೋಬೋಟ್, ಇದೇ ಫ್ಲಿಪ್ಪರ್ ಜಾತಿಯದ್ದು, ಕೇಬಲ್ ಕೈಕೊಟ್ಟು ಎರಡನೇ ರಿಯಾಕ್ಟರ್ ಕಟ್ಟಡದ ಮೂರನೇ ಮಹಡಿಯಲ್ಲೇ ಉಳಿದುಹೋಯಿತು. ನಾವು ಕೇಬಲ್ ಸುರುಳಿಯನ್ನು ಹೊರಗಿನಿಂದ ಎಳೆಸುವ ಬದಲು ರೋಬೋಟಿನ ಬೆನ್ನಿಗೇ ಹೊರಿಸಿದೆವು. ಹೋದಂತೆಲ್ಲ ಬಿಚ್ಚಿಕೊಳ್ಳುವುದರಿಂದ ಉಜ್ಜಾಟ ಕಡಿಮೆಯಾಯಿತು. ವಾಪಸ್ ಬರುವಾಗ ಅದರ ಮೇಲೇ ಹತ್ತಿ ತುಳಿಯುತ್ತದೆ, ಅದಕ್ಕಿನ್ನೂ ದಾರಿ ಸಿಕ್ಕಿಲ್ಲ.

ಗೇಣಿಗಿಂತ ಕಿರಿದಾದ ಸಂದಿಗೆ ಗಾಲಿಯದ್ದು, ಬೆಲ್ಟಿನದ್ದು ಎರಡೂ ನಾಲಾಯಕ್ಕು. ಅಲ್ಲಿ ಹಾವಿನಂಥ ರೋಬೋಟೇ ಬೇಕು. 2017ರ ಭೂಕಂಪದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮೆಕ್ಸಿಕೋ ನಗರಕ್ಕೆ ಒಯ್ದಿದ್ದು ಅಂಥದ್ದನ್ನೇ.

ಕೊನೆಗೆ ಸ್ಲ್ಯಾಬಿನಡಿ ಗೆಳೆಯನ ದನಿ ರೆಕಾರ್ಡ್ ಮಾಡಿದ ಮೊಬೈಲ್ ಇಟ್ಟು ಹುಡುಕಿಸಿದೆವು. ಬೆಲ್ಟಿನ ಕರಕರ ಸದ್ದಿನಲ್ಲಿ ಮೈಕಿಗೆ ಏನೂ ಕೇಳಲಿಲ್ಲ. ನಾಲ್ಕು ಅಡಿಗೊಮ್ಮೆ ಮೋಟರ್ ನಿಲ್ಲಿಸಿ ಕಿವಿಗೊಟ್ಟಾಗಲೇ "ಇಲ್ಲಿದ್ದೀನಿ" ಕೇಳಿದ್ದು. ಈ ಒಂದರಲ್ಲಿ ಗಾಲಿಯದ್ದೇ ವಾಸಿ, ಅದು ಅಲ್ಲಿತನಕ ಹೋಗಿದ್ದರೆ.